ಕಾಕಾನ ನೋಟ್‌ಬುಕ್ ಅಂಗಡಿಯಲ್ಲೇ ಇರಲಿ

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಊರಿನ ಸುದ್ದಿ ಈಗ ನನಗೆ ತಲುಪುವುದು ಇ-ಪೇಪರ್‌ನ ಜಿಲ್ಲಾ ಪುಟದಿಂದ. ಮೊದಲು ಮಳೆ, ಆಮೇಲೆ ಗೋವಿನಜೋಳದ ಧಾರಣೆ, ಕೊನೆಗೆ ಮೂಲೆಯಲ್ಲಿರುವ ನಿಧನ ವಾರ್ತೆ. ಹೊರಗಿರುವ ನಮ್ಮಂಥವರಲ್ಲಿ ಬಹಳ ಮಂದಿ ಇದೇ ಕ್ರಮದಲ್ಲಿ ಓದುತ್ತಾರೆಂದು ನನ್ನ ಊಹೆ. ಆ ಮೂಲೆಯನ್ನು ಇಷ್ಟು ವರ್ಷ ಓದಿದ ಮೇಲೆ ಒಂದು ಸಂಗತಿ ಕಣ್ಣಿಗೆ ಚುಚ್ಚುತ್ತದೆ. ಶಿಕ್ಷಕರು ತೀರಿಕೊಂಡರೆ ‘ನಿವೃತ್ತ ಮುಖ್ಯೋಪಾಧ್ಯಾಯರು’ ಎಂದಿರುತ್ತದೆ. ಬ್ಯಾಂಕಿನವರಾದರೆ ಅವರ ಹುದ್ದೆ, ವಕೀಲರಾದರೆ ‘ಹಿರಿಯ ವಕೀಲರು’. ಗೌಂಡಿ, ಬಡಿಗ, ಟೇಲರ್, ಮೆಕ್ಯಾನಿಕ್ ತೀರಿಕೊಂಡರೆ ಮಾತ್ರ ಕೆಲಸದ ಹೆಸರೇ ಇರುವುದಿಲ್ಲ. ಅವರೆಲ್ಲ ‘ಸರಳ ಜೀವಿ’, ‘ಸ್ನೇಹಮಯಿ’. ನಲವತ್ತು ವರ್ಷ ಏನು ಮಾಡಿದರು ಎಂಬುದಕ್ಕೆ ಒಂದು ಸಾಲಿನ ಜಾಗವೂ ಸಿಗುವುದಿಲ್ಲ.

ಕಳೆದ ವರ್ಷ ನಮ್ಮ ಕಾಕಾ ತೀರಿಕೊಂಡಾಗ ಈ ಪ್ರಶ್ನೆ ನಮ್ಮ ಮನೆಗೇ ಬಂತು. ರಾಣೆಬೆನ್ನೂರಿನಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ, 1988ರಿಂದ. ಮಲಗಿದ್ದವರು ಬೆಳಗ್ಗೆ ಏಳಲಿಲ್ಲ. ವಯಸ್ಸು 61. ಓಣಿಯ ತುದಿಯಲ್ಲಿ ಹಾಕಿಸಬೇಕಾದ ಫ್ಲೆಕ್ಸ್‌ನಲ್ಲಿ ಹೆಸರಿನ ಕೆಳಗೆ ಏನು ಬರೆಯಿಸಬೇಕು ಎಂಬ ಚರ್ಚೆ ಎದ್ದಿತು. ಹೈದರಾಬಾದಿನಲ್ಲಿರುವ ಅವರ ಮಗ, ಅಂದರೆ ನನ್ನ ತಮ್ಮ, ‘ಉದ್ಯಮಿ’ ಎಂದು ಹಾಕಿಸೋಣ ಎಂದ. ದಾವಣಗೆರೆಯಿಂದ ಬಂದಿದ್ದ ಮಗಳು ಏನೂ ಬೇಡ, ಫೋಟೊ ಸಾಕು ಎಂದಳು. ಒಳಗೆ ಕೂತಿದ್ದ ಚಿಗವ್ವ ಅಲ್ಲಿಂದಲೇ ಹೇಳಿದಳು: “ವೈಂಡಿಂಗ್ ಮಾಡೋರು ಅಂತ ಬರಸ್ರಿ. ಊರಾಗ ಅವರಿಗೆ ಬ್ಯಾರೆ ಹೆಸರು ಎಲ್ಲಿತ್ತು?”

ಹಾಗೇ ಬರೆಯಿಸಿದೆವು. ತಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ. ಅವನ ಮನಸ್ಸು ನನಗೆ ಅರ್ಥವಾಗುತ್ತದೆ. ಅಪ್ಪನ ಬಗ್ಗೆ ಅವನಿಗೆ ನಾಚಿಕೆಯಿಲ್ಲ, ಅಪ್ಪ ದೊಡ್ಡವರಾಗಿ ಕಾಣಲಿ ಎಂಬ ಆಸೆ ಅಷ್ಟೇ. ಆದರೆ ದೊಡ್ಡವರಾಗಿ ಕಾಣಲು ಕೆಲಸದ ಹೆಸರನ್ನು ಅಳಿಸಬೇಕು ಎಂಬ ಲೆಕ್ಕ ಎಲ್ಲಿಂದ ಬಂತು? ಈ ಬರಹ ಅದರ ಬಗ್ಗೆ, ಮತ್ತು ಆ ಚರ್ಚೆಯ ನಂತರ ಎದ್ದು ಇನ್ನೂ ಮುಗಿಯದ ಇನ್ನೊಂದು ಚರ್ಚೆಯ ಬಗ್ಗೆ.

ಮೋಟರ್ ವೈಂಡಿಂಗ್ ನೋಡದವರಿಗಾಗಿ ಎರಡು ಮಾತು. ಹೊಲದ ಬೋರ್‌ವೆಲ್ ಮೋಟರ್ ಸುಟ್ಟಿತೆಂದರೆ ನೂರಾರು ಅಡಿ ಆಳದಿಂದ ಪೈಪುಗಳ ಸಮೇತ ಅದನ್ನು ಮೇಲೆತ್ತಿ, ಟ್ರ್ಯಾಕ್ಟರಿನಲ್ಲೋ ಬೈಕಿನ ಹಿಂದೆ ಕಟ್ಟಿಕೊಂಡೋ ಅಂಗಡಿಗೆ ತರುತ್ತಾರೆ. ಒಳಗಿನ ಸುಟ್ಟ ತಾಮ್ರದ ತಂತಿಯನ್ನು ಕತ್ತರಿಸಿ ತೆಗೆದು, ಹೊಸ ತಂತಿಯನ್ನು ಅದೇ ಎಣಿಕೆಯಲ್ಲಿ ಸುತ್ತಬೇಕು. ಬಾವಿ ದಂಡೆಯ ಮೇಲೆ ಕೂರುವ ಮೋಟರಾದರೆ ಕಾಯಿಲ್ ಸುತ್ತಿ, ಗಾಡಿಗೆ ಪೇಪರ್ ಹಾಕಿ ಅದರಲ್ಲಿ ಕೂರಿಸಿ, ಮೇಲೆ ಬಿದಿರಿನ ಕಡ್ಡಿ ಬಡಿದು, ವಾರ್ನಿಷ್ ಹೊಯ್ದು, ಒಳಗೆ ದೊಡ್ಡ ಬಲ್ಬ್ ಇಳಿಬಿಟ್ಟು ರಾತ್ರಿಯಿಡೀ ಒಣಗಿಸುತ್ತಾರೆ. ಬೋರ್‌ವೆಲ್ ಒಳಗಿನ ಸಬ್‌ಮರ್ಸಿಬಲ್‌ನ ಕಥೆ ಬೇರೆ. ಆ ಮೋಟರಿನ ಹೊಟ್ಟೆಯಲ್ಲೇ ನೀರು ತುಂಬಿರುತ್ತದೆ, ಹಾಗಾಗಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು, ವಾರ್ನಿಷ್‌ಗೆ ಕೆಲಸವಿಲ್ಲ. ಅದರ ಗಾಡಿಗಳು ಮುಚ್ಚಿದ ಕೊಳವೆಯಂತೆ ಇರುತ್ತವೆ. ಒಬ್ಬರು ಈ ಕಡೆಯಿಂದ ತಂತಿ ತೂರಿಸಬೇಕು, ಎದುರು ಕೂತವರು ಎಳೆದು ಇನ್ನೊಂದು ಗಾಡಿಯಿಂದ ವಾಪಸ್ ಕೊಡಬೇಕು. ಒಂದೊಂದು ಸುತ್ತಿಗೂ ಹೀಗೆ. ಮಧ್ಯದಲ್ಲಿ ಯಾರೂ ಮಾತಾಡುವಂತಿಲ್ಲ, ಮಾತಾಡಿದರೆ ಎಣಿಕೆ ತಪ್ಪುತ್ತದೆ.

ಅಂಗಡಿ ಶುರುವಾದ ಮೊದಲ ವರ್ಷಗಳಲ್ಲಿ ಆಳು ಇಡುವಷ್ಟು ದುಡ್ಡಿರಲಿಲ್ಲ. ಎದುರು ಕೂತು ತಂತಿ ಎಳೆಯುತ್ತಿದ್ದವಳು ಚಿಗವ್ವ. ಹಗಲು ಮನೆಗೆಲಸ, ಮಕ್ಕಳು ಮಲಗಿದ ಮೇಲೆ ಅಂಗಡಿ. ಆ ಹೊತ್ತಿಗೆ ಎಸ್. ಬಂಗಾರಪ್ಪನವರ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಕರೆಂಟ್ ಉಚಿತ ಮಾಡಿತ್ತು. ನಮ್ಮ ತಾಲ್ಲೂಕಿನ ಹೊಲಹೊಲಕ್ಕೂ ಮೋಟರ್ ಬಂದವು, ಮೋಟರ್ ಬಂದಲ್ಲೆಲ್ಲ ಸುಡುವುದೂ ಬಂತು. ಗಂಡ ಹೆಂಡತಿ ಒಂದು ಕಬ್ಬಿಣದ ಕೊಳವೆಯ ಎರಡು ತುದಿಗೆ ಕೂತು, ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲಿ ಎಣಿಸುತ್ತಾ ಸಂಸಾರ ಕಟ್ಟಿದರು. ಇಬ್ಬರ ಎಣಿಕೆ ಕೊನೆಯಲ್ಲಿ ಕೂಡಿಬರದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ. “ನಿಮ್ಮ ಕಾಕಾ ಒಂದ ಸಲ ಸೈತ ನಂದ ಖರೆ ಅಂದಿಲ್ಲ, ಬಿಚ್ಚೂಣು ಅಂತಿದ್ರು” ಎಂದು ಚಿಗವ್ವ ಈಗಲೂ ಹೇಳುತ್ತಾಳೆ. ಅವರ ದಾಂಪತ್ಯದ ಬಗ್ಗೆ ಇದಕ್ಕಿಂತ ಹೆಚ್ಚು ನನಗೇನೂ ಗೊತ್ತಿಲ್ಲ, ಬೇಕೂ ಇಲ್ಲ.

ಶಾಲೆಯ ಬೇಸಿಗೆ ರಜೆಗಳಲ್ಲಿ ಆ ಎದುರಿನ ಜಾಗ ನನಗೆ ಸಿಗುತ್ತಿತ್ತು. ನಾನು ಮುಂದೆ ಎಂ.ಟೆಕ್.ನಲ್ಲಿ ಮೋಟರ್ ನಿಯಂತ್ರಣದ ಮೇಲೆಯೇ ಪ್ರಾಜೆಕ್ಟ್ ಮಾಡಿದೆ, ಆಮೇಲೆ ಎಲ್ಲರಂತೆ ಸಾಫ್ಟ್‌ವೇರ್‌ಗೆ ಬಂದೆ. ಆದರೆ ಮೋಟರ್ ಏಕೆ ಸುಟ್ಟಿತೆಂದು ನೋಡಿ ಹೇಳುವ ವಿದ್ಯೆ ಸಿಕ್ಕಿದ್ದು ಆ ಅಂಗಡಿಯಲ್ಲಿ. ಮುಚ್ಚಳ ಬಿಚ್ಚಿದ ತಕ್ಷಣ ಕಾಕಾ ತಂತಿ ಮುಟ್ಟುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಮೂರರಲ್ಲಿ ಎರಡು ಪಾಲು ಕಾಯಿಲ್ ಇದ್ದಿಲಾಗಿ, ಒಂದು ಪಾಲು ಹೊಸದರಂತೆ ಉಳಿದಿದ್ದರೆ ಒಂದು ಫೇಸ್ ಹೋದಾಗ ಮೋಟರ್ ಓಡಿದೆ ಎಂದರ್ಥ. ಡೆಲ್ಟಾ ಆಗಿದ್ದರೆ ಇದು ತಿರುವುಮುರುವು: ಒಂದು ಪಾಲು ಸುಟ್ಟು ಎರಡು ಪಾಲು ಉಳಿಯುತ್ತದೆ. ಎಲ್ಲವೂ ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆ, ಇಲ್ಲವೆ ಉಸುಕು ಹಿಡಿದು ಪಂಪು ಜಾಮ್ ಆಗಿದೆ. ಒಂದೇ ಜಾಗದಲ್ಲಿ ಚುಕ್ಕೆಯಂತೆ ಕರಗಿದ್ದರೆ ಹಿಂದೆ ಸುತ್ತಿದವರು ತಂತಿ ಕೆತ್ತಿದ್ದಾರೆ. “ಏನ್ ಮಾಡಿರ್ತಿ ಹೇಳು, ರಾತ್ರಿ ಕಂಡೆನ್ಸರ್ ಹಾಕಿ ಎರಡು ಫೇಸಿನ್ಯಾಗ ಓಡಿಸಿ” ಎಂದು ರೈತನ ಮುಖ ನೋಡದೆಯೇ ಅನ್ನುತ್ತಿದ್ದರು. ರೈತ ನಗುತ್ತಿದ್ದ. ಅದು ಒಪ್ಪಿಕೊಂಡಂತೆ.

ಇನ್ನೂ ಸೂಕ್ಷ್ಮವಾದ ಕೆಲಸವೊಂದಿತ್ತು. ಲೈನಿನ ಕೊನೆಯಲ್ಲಿರುವ, ಟಿ.ಸಿ.ಯಿಂದ ದೂರದ ಹೊಲಗಳಿಗೆ 415 ವೋಲ್ಟ್ ಬರಬೇಕಾದಲ್ಲಿ ಅಷ್ಟು ಬರುವುದಿಲ್ಲ. ವೋಲ್ಟೇಜ್ ಐದರಲ್ಲಿ ಒಂದು ಪಾಲು ಇಳಿದರೆ ಮೋಟರಿನ ತಿರುಗುವ ಬಲ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯುತ್ತದೆ, ಏಕೆಂದರೆ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಪುಸ್ತಕದಲ್ಲಿ ಇದು ಒಂದು ಸಮೀಕರಣ. ಅಂಗಡಿಯಲ್ಲಿ ಇದು ಒಂದು ನಿರ್ಧಾರ. ಸುತ್ತು ಸ್ವಲ್ಪ ಕಡಿಮೆ ಮಾಡಿ, ತಂತಿ ಸ್ವಲ್ಪ ದಪ್ಪ ಹಾಕಿದರೆ ಮೋಟರ್ ಕಡಿಮೆ ವೋಲ್ಟೇಜಿಗೆ ಒಗ್ಗುತ್ತದೆ. ಆದರೆ ಮಧ್ಯರಾತ್ರಿ ಸುತ್ತಲಿನ ಮೋಟರ್‌ಗಳು ನಿಂತು ವೋಲ್ಟೇಜ್ ಪೂರ್ತಿ ಬಂದರೆ ಅದೇ ಮೋಟರ್ ಕಾದು ಸುಡುತ್ತದೆ. ಹಾಗಾಗಿ ಎಷ್ಟು ಸುತ್ತು ಕಡಿಮೆ ಮಾಡಬೇಕು ಎಂಬುದು ಹೊಲ ಎಲ್ಲಿದೆ, ಟಿ.ಸಿ. ಎಷ್ಟು ದೂರ, ಆ ಟಿ.ಸಿ. ಮೇಲೆ ಎಷ್ಟು ಮೋಟರ್ ಇವೆ, ಆ ರೈತ ರಾತ್ರಿ ನೀರು ಹಾಯಿಸುವವನೋ ಹಗಲು ಹಾಯಿಸುವವನೋ ಎಂಬುದರ ಮೇಲೆ ನಿಂತಿದೆ. ಕಾಕಾ ಇದನ್ನೆಲ್ಲ ಕೇಳಿ, ಆಮೇಲೆ ತಂತಿಯ ಗೇಜ್ ಆರಿಸುತ್ತಿದ್ದರು.

ಇದೆಲ್ಲ ಅವರ ನೋಟ್‌ಬುಕ್ಕಿನಲ್ಲಿದೆ. ಉದ್ದನೆಯ ಲೆಕ್ಕದ ಪುಸ್ತಕಗಳು, ಒಟ್ಟು ಒಂಬತ್ತು. ಎಚ್‌ಪಿ, ಗಾಡಿ ಎಷ್ಟು, ಸುತ್ತು ಎಷ್ಟು, ಗೇಜ್ ಎಷ್ಟು, ತಾಮ್ರದ ತೂಕ ಎಷ್ಟು ಎಂದು ಕಾಲಂ ಹಾಕಿ ಬರೆದದ್ದು. ಕೊನೆಯ ಕಾಲಮಿನಲ್ಲಿ ಊರು, ಮತ್ತು ಒಂದೆರಡು ಶಬ್ದ: ‘ಉಸುಕು ಬರ್ತೈತಿ’, ‘ಟಿ.ಸಿ. ದೂರ’, ‘ಹೋದ ಸಲ 84, ಈ ಸಲ 80 ಸುತ್ತು ಮಾಡೀನಿ, ನೋಡಬೇಕು’. ಕೆಲವದರ ಮುಂದೆ ಎರಡು ವರ್ಷದ ನಂತರ ಬೇರೆ ಪೆನ್ನಿನಲ್ಲಿ ‘ಛಲೋ ನಡದೈತಿ’ ಎಂದಿದೆ. ಮಾಡಿ ನೋಡುವುದು, ಬರೆದಿಡುವುದು, ಮತ್ತೆ ಬಂದು ಪರೀಕ್ಷಿಸುವುದು. ನಮ್ಮ ಕಂಪನಿಗಳಲ್ಲಿ ಇಷ್ಟು ಶಿಸ್ತಿನ ದಾಖಲೆ ಸಿಕ್ಕರೆ ಹಬ್ಬ ಮಾಡುತ್ತೇವೆ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಶಿವಗಣಾರಾಧನೆಯ ದಿನ ಮಾತಾಡಿದವರಲ್ಲಿ ಹೆಚ್ಚಿನವರು ನಮ್ಮ ಪೀಳಿಗೆಯವರು, ಬೆಂಗಳೂರು, ಪುಣೆ, ಹೈದರಾಬಾದಿನಿಂದ ಬಂದವರು. ಎಲ್ಲರ ಮಾತಿನ ಸಾರ ಒಂದೇ: ಕೈ ಸುಟ್ಟುಕೊಂಡು, ಬೆವರು ಸುರಿಸಿ ಮಕ್ಕಳನ್ನು ಓದಿಸಿದರು. ಸುಳ್ಳಲ್ಲ. ಸುಟ್ಟ ತಾಮ್ರವನ್ನು ರೈತನ ಎದುರೇ ತೂಗಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು, ಉಳಿದದ್ದರಲ್ಲಿ ಇಬ್ಬರನ್ನೂ ಎಂಜಿನಿಯರಿಂಗ್‌ಗೆ ಕಳಿಸಿದವರು ಅವರು. ಆದರೆ ಈ ಮಾತನ್ನು ಕೇಳುತ್ತಾ ಕೇಳುತ್ತಾ ನನಗೆ ಕಿರಿಕಿರಿಯಾಯಿತು. ಅವರ ಕೆಲಸವೆಂದರೆ ನಾವು ಹತ್ತಿಬಂದ ಏಣಿ ಎಂಬ ಧ್ವನಿ ಅದರಲ್ಲಿತ್ತು. ಏಣಿಗೆ ಕೃತಜ್ಞತೆ ಹೇಳುತ್ತೇವೆ, ಅದರ ಬಗ್ಗೆ ಕುತೂಹಲ ಯಾರಿಗೂ ಇರುವುದಿಲ್ಲ. ಕಾಕಾ ಬೆವರಿದ್ದಕ್ಕಿಂತ ಹೆಚ್ಚು ಯೋಚಿಸಿದವರು. ಅವರ ತ್ಯಾಗದ ಬಗ್ಗೆ ಹತ್ತು ಜನ ಮಾತಾಡಿದರು, ಅವರ ಬುದ್ಧಿಯ ಬಗ್ಗೆ ಮಾತಾಡಿದ್ದು ಮೆಡ್ಲೇರಿ ಕಡೆಯ ಒಬ್ಬ ಮುದುಕ ರೈತ ಮಾತ್ರ. “ಈ ಮನಶ್ಯಾ ಕಟ್ಟಿದ ಮೋಟ್ರು ನನ್ನ ಬೋರ್‌ನ್ಯಾಗ ಹದಿನಾರು ವರ್ಷ ನಡದೈತಿ” ಎಂದು ಹೇಳಿ ಕೂತುಬಿಟ್ಟ. ನನ್ನ ಮಟ್ಟಿಗೆ ಆ ದಿನದ ಶ್ರದ್ಧಾಂಜಲಿ ಅದೊಂದೇ.

ಮನೆಯವರಾಗಿ ಅವರು ಹೇಗಿದ್ದರು ಎಂಬುದನ್ನೂ ಕೆಲಸದಿಂದ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಮೋಟರ್ ಸುಡುವುದು ಫೆಬ್ರುವರಿಯಿಂದ ಮೇವರೆಗೆ, ನಮ್ಮ ಕಡೆ ಮದುವೆಗಳೂ ಆಗಲೇ. ಹಾಗಾಗಿ ಬಂಧುಗಳ ಯಾವ ಮದುವೆಗೂ ಕಾಕಾ ಅಕ್ಕಿಕಾಳಿನ ಹೊತ್ತಿಗೆ ಬಂದವರಲ್ಲ, ಊಟದ ಕೊನೆಯ ಪಂಕ್ತಿಗೆ ಬರುತ್ತಿದ್ದರು, ಅಂಗಿಗೆ ವಾರ್ನಿಷ್ ವಾಸನೆ. ಸ್ವಂತ ಮಗಳ ಮದುವೆಯನ್ನು ಹಟ ಹಿಡಿದು ಕಾರ್ತೀಕದ ನಂತರ ಇಟ್ಟುಕೊಂಡರು. “ನನ್ನ ಮಗಳ ಮದುವಿಗೆ ನಾನು ಪೂರಾ ಇರಬೇಕು” ಎಂದಿದ್ದರು. ಸಂಜೆ ಮನೆಗೆ ಬಂದರೆ ಸೀಮೆಎಣ್ಣೆ, ಆಮೇಲೆ ಸಾಬೂನಿನ ಪುಡಿ, ಆಮೇಲೆ ಬಿಸಿನೀರು, ಈ ಮೂರರಲ್ಲಿ ಕೈ ತೊಳೆಯದೆ ಮೊಮ್ಮಗಳನ್ನು ಮುಟ್ಟುತ್ತಿರಲಿಲ್ಲ. ಶನಿವಾರ ತಪ್ಪದೆ ಗಿರ್ಮಿಟ್ ಕಟ್ಟಿಸಿಕೊಂಡು ಬರುತ್ತಿದ್ದರು, ಒಂದು ಪೊಟ್ಟಣ ಚಿಗವ್ವನಿಗೆ ಪ್ರತ್ಯೇಕ, ಖಾರ ಜಾಸ್ತಿ. ಅಂಗಡಿಯ ಬೋರ್ಡಿನಲ್ಲಿ ಇವತ್ತಿಗೂ ‘ಜಿ. ಧಾರವಾಡ’ ಎಂದೇ ಇದೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಬಣ್ಣ ಬಳಿಸಲು ಪುರಸೊತ್ತು ಸಿಗಲಿಲ್ಲ ಎಂದು ಇಪ್ಪತ್ತೆಂಟು ವರ್ಷ ಹೇಳುತ್ತಲೇ ಇದ್ದರು.

ಈಗ ಕಹಿ ಮಾತು. ಒಂಬತ್ತು ನೋಟ್‌ಬುಕ್ಕಿನ ಜೊತೆ ಒಂದು ಉದ್ರಿ ಪುಸ್ತಕವೂ ಇದೆ. ಫಸಲು ಬಂದ ಮೇಲೆ ಕೊಡುತ್ತೇನೆ ಎಂದವರದು. ಕೆಲವರು ಸುದ್ದಿ ಕೇಳಿ ತಾವಾಗಿ ಬಂದು ಚಿಗವ್ವನ ಕೈಗೆ ದುಡ್ಡು ಕೊಟ್ಟು ಹೋದರು. ಬಾರದವರು ಹೆಚ್ಚು. ‘ಅವರು ಎಂದೂ ಯಾರನ್ನೂ ಕೇಳಿದವರಲ್ಲ, ನಾವೂ ಕೇಳುವುದು ಬೇಡ’ ಎಂಬುದು ಮನೆಯಲ್ಲಿ ಬಹುಮತದ ನಿಲುವು. ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ ಅವರು ಕೇಳುತ್ತಿದ್ದರು, ಮೆಲ್ಲಗೆ ಕೇಳುತ್ತಿದ್ದರು, ಅಷ್ಟೇ. ಎರಡನೆಯದಾಗಿ ಅದು ದಾನವಲ್ಲ, ಕೂಲಿ. ಅದರಲ್ಲಿ ಚಿಗವ್ವ ನಿದ್ದೆಗೆಟ್ಟು ಎಳೆದ ತಂತಿಯೂ ಇದೆ. ನಮಗೆ ಕಂಪನಿ ಒಂದು ತಿಂಗಳ ಸಂಬಳ ಬಾಕಿ ಇಟ್ಟುಕೊಂಡರೆ ಸುಮ್ಮನಿರುತ್ತೇವೆಯೇ? ಬೆಳೆ ಹೋದವನನ್ನು ಬಿಡೋಣ, ಅಂಥವರು ಯಾರೆಂದು ಅಂಗಡಿಯ ಹುಡುಗನಿಗೆ ಗೊತ್ತು. ಉಳಿದವರಿಗೆ ಫೋನ್ ಮಾಡುವುದರಲ್ಲಿ ಸತ್ತವರಿಗೆ ಯಾವ ಅವಮಾನವೂ ಇಲ್ಲ. ಒಳ್ಳೆಯತನದ ಹೆಸರಿನಲ್ಲಿ ವಿಧವೆಯ ದುಡ್ಡು ಮುಳುಗಿಸುವುದು ಸುಲಭ, ಮುಳುಗಿಸುವವರ ಜೇಬಿಂದ ಏನೂ ಹೋಗುವುದಿಲ್ಲವಲ್ಲ.

ಏಕೆಂದರೆ ಚಿಗವ್ವನಿಗೆ ಬೇರೆ ಆಸರೆ ಯಾವುದೂ ಬರೆದಿಟ್ಟಿಲ್ಲ. ಮಕ್ಕಳು ಕೊಡುತ್ತಾರೆ, ಆ ಮಾತು ಬೇರೆ. ಕಾಕಾಗೆ ಪಿ.ಎಫ್. ಇರಲಿಲ್ಲ, ಪಿಂಚಣಿ ಇರಲಿಲ್ಲ. ಯೋಜನೆಗಳು ಬರಲಿಲ್ಲವೆಂದಲ್ಲ, ಬಂದಾಗಲೆಲ್ಲ ಅವರ ವಯಸ್ಸು ದಾಟಿಹೋಗಿತ್ತು. 2015ರ ಮೇನಲ್ಲಿ ಜೀವನ ಜ್ಯೋತಿ ವಿಮೆ ಬಂತು, ಸೇರಲು 50 ವರ್ಷದ ಮಿತಿ, ಇವರಿಗೆ ಆಗ 51. ಅದರ ಜೊತೆಗೇ ಬಂದ ಅಟಲ್ ಪಿಂಚಣಿಗೆ 40ರ ಮಿತಿ. 2019ರಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ ಶ್ರಮಯೋಗಿ ಮಾನ್‌ಧನ್ ಬಂತು, ಅದಕ್ಕೂ 40. ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ ಬ್ಯಾಂಕಿನಿಂದ ಕಡಿತವಾಗುತ್ತಿತ್ತು, ಅದು ಅಪಘಾತಕ್ಕೆ ಮಾತ್ರ. 2023ರ ಸೆಪ್ಟೆಂಬರ್ 17ರಂದು ವಿಶ್ವಕರ್ಮ ಯೋಜನೆ ಆರಂಭವಾದಾಗ ನಾನೇ ಪಟ್ಟಿ ತೆಗೆದು ನೋಡಿದೆ. 18 ಕಸುಬುಗಳು: ಬಡಿಗ, ಕಮ್ಮಾರ, ಕುಂಬಾರ, ಗೌಂಡಿ, ಟೇಲರ್, ಮೀನಿನ ಬಲೆ ಹೆಣೆಯುವವರು, ಹೀಗೆ. ಒಳ್ಳೆಯ ಪಟ್ಟಿ. ಆದರೆ ಮೋಟರ್ ವೈಂಡಿಂಗ್ ಇಲ್ಲ, ವೈರಿಂಗ್ ಇಲ್ಲ, ಪ್ಲಂಬಿಂಗ್ ಇಲ್ಲ. ಅಜ್ಜ ಮುತ್ತಜ್ಜನಿಂದ ಬಂದ ಕಸುಬಿಗೆ ಅಲ್ಲಿ ಜಾಗವಿದೆ, ಕರೆಂಟ್ ಬಂದ ಮೇಲೆ ಹುಟ್ಟಿದ ಕಸುಬಿಗೆ ಇಲ್ಲ. ಕಾಕಾ ಅದನ್ನು ಕೇಳಿ, “ನಮ್ಮದು ಇನ್ನಾ ಹೊಸಾದು, ನೂರು ವರ್ಷ ಆಗ್ಲಿ ತಡಿ” ಎಂದು ನಕ್ಕಿದ್ದರು. ಆ ಪಟ್ಟಿಯನ್ನು ಬೆಳೆಸಬೇಕು ಎಂಬುದು ನನ್ನ ಅಭಿಪ್ರಾಯ.

ಹೊರಗಿರುವ ಓದುಗರಿಗೆ ಇಲ್ಲಿ ಒಂದು ಕೆಲಸದ ಮಾತು. ಆ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಎದುರಿನ ಜಾಗದಲ್ಲಿ ಕೂತವನನ್ನು ನಾವೆಲ್ಲ ‘ಹುಡುಗ’ ಎನ್ನುತ್ತೇವೆ. ಅವನಿಗೆ 34 ವರ್ಷ, ಎರಡು ಮಕ್ಕಳು. ಅಟಲ್ ಪಿಂಚಣಿಗೆ ಅವನಿಗೆ ಇನ್ನೂ ವಯಸ್ಸಿದೆ, ಜೀವನ ಜ್ಯೋತಿಗೂ ಇದೆ. ವರ್ಷಕ್ಕೆ 436 ರೂಪಾಯಿ ಕಟ್ಟಿದರೆ 2 ಲಕ್ಷದ ವಿಮೆ. ಎರಡಕ್ಕೂ ಬೇಕಾದದ್ದು ಒಂದು ಬ್ಯಾಂಕ್ ಖಾತೆ ಮತ್ತು ಪಕ್ಕದಲ್ಲಿ ಕೂತು ಫಾರಂ ತುಂಬುವ ಒಬ್ಬರು. ನಮ್ಮ ಪ್ರತಿಯೊಬ್ಬರ ಊರಿನಲ್ಲೂ ಇಂಥ ಹುಡುಗರು ಇದ್ದಾರೆ. ದೀಪಾವಳಿಗೆ ಊರಿಗೆ ಹೋದಾಗ ಅರ್ಧ ದಿನ ಸಾಕು. ಅವನದನ್ನು ನಾನು ಆ ವಾರವೇ ಮಾಡಿಸಿದೆ.

ಮುಗಿಯದ ಚರ್ಚೆ ಈ ಹುಡುಗನದ್ದೇ. ಅಂಗಡಿಯನ್ನು ಅವನು ಬಾಡಿಗೆ ಕೊಟ್ಟು ನಡೆಸಲಿ ಎಂಬುದಕ್ಕೆ ಎಲ್ಲರೂ ಒಪ್ಪಿದರು. ಆದರೆ ಒಂಬತ್ತು ನೋಟ್‌ಬುಕ್‌ಗಳನ್ನು ತಮ್ಮ ಹೈದರಾಬಾದಿಗೆ ಒಯ್ಯಬೇಕೆನ್ನುತ್ತಾನೆ. ಅಪ್ಪನ ಕೈಬರಹ, ಮಕ್ಕಳಿಗೆ ತೋರಿಸಬೇಕು, ಗಾಜಿನ ಕಪಾಟು ಮಾಡಿಸುತ್ತೇನೆ ಎನ್ನುತ್ತಾನೆ. ಅವನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಮಗನಿಗಿರುವ ಹಕ್ಕು ಅಣ್ಣನಾದ ನನಗಿಲ್ಲ ಎಂಬುದೂ ಗೊತ್ತು. ಆದರೂ ಹೇಳುತ್ತೇನೆ, ಆ ಪುಸ್ತಕಗಳು ಕಪಾಟಿಗೆ ಹೋಗುವ ವಸ್ತುಗಳಲ್ಲ. ಮೊನ್ನೆ ಒಂದು ಹಳೆಯ 7.5 ಎಚ್‌ಪಿ ಮೋಟರ್ ಬಂದಾಗ, ತಂತಿಯನ್ನು ಯಾರೋ ಮೊದಲೇ ಕಿತ್ತುಹಾಕಿದ್ದರಿಂದ ಎಣಿಸಲು ಏನೂ ಉಳಿದಿರಲಿಲ್ಲ. ಹುಡುಗ ನಾಲ್ಕನೆಯ ಪುಸ್ತಕ ತೆಗೆದು, 2003ರಲ್ಲಿ ಅದೇ ಮಾದರಿಗೆ ಕಾಕಾ ಹಾಕಿದ ಸುತ್ತು ನೋಡಿ ಕಟ್ಟಿಕೊಟ್ಟ. ಪುಸ್ತಕ ಹೈದರಾಬಾದಿನಲ್ಲಿದ್ದಿದ್ದರೆ ಆ ರೈತನ ಮೆಣಸಿನ ಸಸಿ ಒಣಗುತ್ತಿತ್ತು.

ನನ್ನ ಸಲಹೆ ಇಷ್ಟು. ಪುಟಪುಟವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಮನೆಯವರೆಲ್ಲ ಇಟ್ಟುಕೊಳ್ಳೋಣ, ನಾನೇ ಮಾಡಿಕೊಡುತ್ತೇನೆ, ಮೂರು ಪುಸ್ತಕ ಮುಗಿದೂ ಇದೆ. ಮೂಲ ಪ್ರತಿ ಅಂಗಡಿಯಲ್ಲಿರಲಿ, ಎಣ್ಣೆಯ ಕಲೆ ಇನ್ನೂ ನಾಲ್ಕು ಬೀಳಲಿ. ಕೆಲಸ ಮಾಡಿದವರ ನೆನಪು ಕೆಲಸ ನಡೆಯುವ ಜಾಗದಲ್ಲಿರಬೇಕು ಎಂದು ತಮ್ಮನಿಗೆ ಎರಡು ಸಲ ಹೇಳಿದೆ. “ನಿನ್ನಪ್ಪ ಆಗಿದ್ರ ತಿಳೀತಿತ್ತು” ಎಂದ. ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಆದರೆ ನಿಲುವು ಬದಲಾಗಿಲ್ಲ.

ಚಿಗವ್ವನನ್ನು ಇನ್ನೂ ಯಾರೂ ನೇರವಾಗಿ ಕೇಳಿಲ್ಲ. ಕೇಳಬೇಕಾದದ್ದು ಅವಳನ್ನೇ, ಆ ಅಂಕಿಗಳಲ್ಲಿ ಅರ್ಧ ಎಣಿಸಿದವಳು ಅವಳು. ಹೋದ ತಿಂಗಳು ಫೋನ್ ಮಾಡಿದಾಗ ಅಂಗಡಿಯಲ್ಲಿದ್ದಳು. ಹುಡುಗನ ಸಹಾಯಕ್ಕೆ ಇಟ್ಟುಕೊಂಡಿದ್ದ ಹೊಸಬ ಬಂದಿರಲಿಲ್ಲವಂತೆ, ತಂತಿ ಎಳೆಯಲು ಯಾರೂ ಇರಲಿಲ್ಲವಂತೆ. “ಆಮ್ಯಾಲೆ ಮಾಡಪಾ, ಎಣಸಾಕ ಹತ್ತೇನಿ” ಎಂದು ಇಟ್ಟುಬಿಟ್ಟಳು.